ಲಾಲ ಅಹ್ಮದನ ಜಿಗರ

11 ಜೂನ್ 2024, ಮಂಗಳವಾರ
ಬೀದರ

ನನ್ನ ಲಿವರಿನಲ್ಲಿ ಒಂದು ವೈರಸ್ ಬಾಡಿಗೆ ಕೊಡದೆ ಮನೆ ಮಾಡಿಕೊಂಡಿದೆ ಎಂದು ಇಂದು ತಿಳಿಯಿತು. ಹೆಸರು ಹೆಪಟೈಟಿಸ್ ಸಿ. ಬಂದು ಇಪ್ಪತ್ತು ವರ್ಷವಾದರೂ ಆಗಿರಬೇಕು ಎಂದರು ಡಾಕ್ಟರ್ ಅಂಬರೀನ. ಎರಡು ತಿಂಗಳಿಂದ ಹಸಿವಿಲ್ಲ, ಸುಸ್ತು ಎಂದು ಹೋದವನಿಗೆ ಒಂದು ಬಾಟಲಿ ತಾಕತ್ತಿನ ಔಷಧ ಕೊಟ್ಟು ಕಳಿಸಿದ್ದರೆ ಇಬ್ಬರಿಗೂ ಸುಖವಿತ್ತು. ಈಗಿನ ಡಾಕ್ಟರುಗಳಿಗೆ ರಕ್ತ ತೆಗೆಯದೆ ಸಮಾಧಾನವಿಲ್ಲ.

ಗುಳಿಗೆ ಶುರುವಾದ ಮೇಲೆ ದಿನಾ ಏನಾಗುತ್ತದೆ ಬರೆದಿಡಿ ಎಂದೂ ಅವರೇ ಹೇಳಿದರು. ವಾಂತಿ, ತಲೆನೋವು, ನಿದ್ದೆ. ಇನ್ನೂರು ಪುಟದ ನೋಟ್‌ಬುಕ್ ತಂದಿದ್ದೇನೆ. ಇಷ್ಟು ಪುಟ ತುಂಬುವಷ್ಟು ವಾಂತಿ ನನ್ನಲ್ಲಿಲ್ಲ, ಆದ್ದರಿಂದ ಉಳಿದದ್ದನ್ನೂ ಬರೆಯುತ್ತೇನೆ. ಅವರಿಗೆ ತೋರಿಸುವುದಿಲ್ಲ.

ಡಾಕ್ಟರಿಗೆ ಬಹಳವಾದರೆ ಮೂವತ್ತು ವಯಸ್ಸು. ನಾನು ಠಾಣಾ ಕುಶನೂರದಲ್ಲಿ ಮೊದಲ ಸೂಜಿ ಚುಚ್ಚಿದಾಗ ಇವರು ಹುಟ್ಟಿರಲಿಲ್ಲ. ಭಾಲ್ಕಿಯಲ್ಲಿ ಒಬ್ಬ ಡಾಕ್ಟರ ಕೈಕೆಳಗೆ ಏಳು ವರ್ಷ ಕಂಪೌಂಡರ್ ಆಗಿದ್ದು, ಆಮೇಲೆ ಔರಾದ ತಾಲೂಕಿನ ನನ್ನೂರು ಕುಶನೂರಕ್ಕೆ ಮರಳಿ ಇಪ್ಪತ್ತಾರು ವರ್ಷ ನಾನೇ ಡಾಕ್ಟರ್ ಆಗಿದ್ದೆ. ಡಿಗ್ರಿ ಇರಲಿಲ್ಲ. ಊರಿನವರು ಎಂದೂ ಕೇಳಲಿಲ್ಲ. ಕೇಳಿದ್ದು ಸರ್ಕಾರ, ಅದೂ ಐದು ವರ್ಷದ ಹಿಂದೆ. ಆಗ ಅಂಗಡಿ ಮುಚ್ಚಿ ಬೀದರಕ್ಕೆ ಬಂದೆ. ಮಗ ಧಮ್ಮಪಾಲ ಇಲ್ಲಿಯೇ ಕೊಳಾರದ ಕಾರ್ಖಾನೆಯಲ್ಲಿದ್ದಾನೆ. ನಾನೂ ಹೆಂಡತಿ ಕೇಶರಬಾಯಿಯೂ ಅವನ ಮನೆಯಲ್ಲಿದ್ದೇವೆ.

“ಕುಡಿತೀರೇನ್ರಿ ಕಾಕಾ?” ಎಂದು ಡಾಕ್ಟರ್ ಕೇಳಿದರು.

“ಇಲ್ರಿ.”

“ಗಾಂಜಾ, ಭಂಗಿ?”

“ಮೇಡಂ, ನಾ ದಿನಾ ಬುದ್ಧನ ಪಂಚಶೀಲ ಹೇಳೋ ಮನಿಯವ. ನಶಾ ಅಂದ್ರ ಮೂಗ ಮುಚ್ಕೋತೇನಿ.”

ಸತ್ಯವಾದ ಮಾತು. ಐದು ಶೀಲಗಳಲ್ಲಿ ಐದನೆಯದನ್ನು, ಅಂದರೆ ನಶೆ ಮುಟ್ಟದಿರುವುದನ್ನು, ನಾನು ಒಂದು ದಿನವೂ ತಪ್ಪಿಲ್ಲ. ಉಳಿದ ನಾಲ್ಕರ ಬಗ್ಗೆ ಅವರು ಕೇಳಲಿಲ್ಲ.

“ಸೂಜಿ? ಹಿಂದ ಯಾವಾಗರೆ ಯಾರರೆ ಹಳ್ಳಿ ಡಾಕ್ಟರ್ ಕಡಿಂದ ಸೂಜಿ ಮಾಡಿಸ್ಕೊಂಡೀರೇನು?”

“ಇಲ್ರಿ,” ಎಂದೆ.

ಹಳ್ಳಿ ಡಾಕ್ಟರಂತೆ. ಹೇಳುವ ಧಾಟಿ ನೋಡಬೇಕಿತ್ತು.

14 ಜೂನ್, ಶುಕ್ರವಾರ

ಲಿವರ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಓಣಿಯವರು ಬಂದು ನನ್ನ ಬಾಯಿ ಮೂಸುತ್ತಿದ್ದಾರೆ. ಕೇಶರಬಾಯಿ ಎಲ್ಲರಿಗೂ ಗ್ಯಾಸ್ ಎಂದು ಹೇಳಿದ್ದಾಳೆ. ಗ್ಯಾಸಿಗೆ ಯಾರು ಮೂರು ತಿಂಗಳ ಗುಳಿಗೆ ತಿನ್ನುತ್ತಾರೆ ಎಂದು ಯಾರೂ ಕೇಳಿಲ್ಲ, ನಮ್ಮ ಪುಣ್ಯ.

ಬದಿಯ ಮನೆಯ ಶಾಕಿರಾ ಬೇಗಂ ಒಂದು ತಂಬಿಗೆ ಕಬ್ಬಿನ ಹಾಲು ತಂದುಕೊಟ್ಟು, ಸುತ್ತ ಯಾರೂ ಇಲ್ಲವೆಂದು ನೋಡಿ, “ನಾ ಯಾರ ಮುಂದೂ ಹೇಳಲ್ರಿ ಅಣ್ಣಾರ. ಯಾವಾಗಿಂದ ಕುಡಿಲತ್ತೀರಿ?” ಎಂದರು. ಇಷ್ಟು ಪ್ರೀತಿಯಿಂದ ಕೇಳಿದಾಗ ಇಲ್ಲ ಎನ್ನಲೂ ಸಂಕೋಚವಾಯಿತು. ಕಬ್ಬಿನ ಹಾಲು ಚೆನ್ನಾಗಿತ್ತು.

20 ಜೂನ್, ಗುರುವಾರ

ಗುಳಿಗೆ ಶುರು. ಹನ್ನೆರಡು ವಾರ. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಪುಕ್ಕಟೆ ಔಷಧ ಕೆಲಸ ಮಾಡುತ್ತದೆಯೇ ಎಂದು ನನಗೆ ಅನುಮಾನ. ನಾನು ಎಂದೂ ಪುಕ್ಕಟೆ ಕೊಟ್ಟಿರಲಿಲ್ಲ.

ಇಂದು ಸಾಲಿನಲ್ಲಿ ಜನ ಕಡಿಮೆ ಇದ್ದರು. ಡಾಕ್ಟರಮ್ಮನಿಗೆ ಮಾತಾಡುವ ಹುಮ್ಮಸ್ಸು ಬಂದಿತ್ತು. ಲಿವರಿನ ರೋಗಿಗಳಿಗೆಲ್ಲ ಗಾಂಜಾದ ವಿಷಯ ಯಾಕೆ ಕೇಳುತ್ತೀರಿ ಎಂದೆ.

“ನಮ್ಮ ಮೈ ತಾನೇ ಗಾಂಜಾದಂಥ ಪದಾರ್ಥ ಮಾಡ್ಕೋತದ್ರಿ ಕಾಕಾ. ಹಸಿವಿ, ನೋವು, ನಿದ್ದಿ, ಎಲ್ಲಾದರಾಗೂ ಅದರ ಕೈ ಅದ,” ಎಂದರು.

ಅರವತ್ತಮೂರು ವರ್ಷ ಪಂಚಶೀಲ ಹೇಳಿದ ಮೈ ಒಳಗೊಳಗೇ ಈ ದಂಧೆ ನಡೆಸಿತ್ತು. ಅಬಕಾರಿಯವರಿಗೆ ಸುದ್ದಿ ಹೋಗದಿರಲಿ.

“ಆ ಪದಾರ್ಥ ಅಂದ್ರ ಕೀಲಿಕೈ ಇದ್ದಂಗ. ಲಿವರಿನಾಗ ಅದಕ್ಕ ಎರಡು ಥರದ ಕೀಲಿ ಇರ್ತಾವ. ಛಲೋ ಲಿವರಿನಾಗ ಭಾಳ ಕಡಿಮಿ. ವೈರಸ್ ಬಂದು ವರ್ಷಾನುಗಟ್ಟಲೆ ಕೂತ್ರ ಎರಡೂ ಹೆಚ್ಚಾಗ್ತಾವ. ಒಂದು ಕೀಲಿ ತೆರದ್ರ ಕೊಬ್ಬು ಕೂಡ್ತದ, ಗಾಯದ ಕಲಿ ಬೆಳದು ಲಿವರ್ ಗಟ್ಟಿ ಆಗ್ತದ. ಇನ್ನೊಂದು ತೆರದ್ರ ಆ ಕಲಿಗಿ ತಡಿ ಹಾಕ್ತದ.”

“ಮೊದಲನೇದಕ್ಕ ಒಂದು ಮುಚ್ಚಳ ಹಾಕಿದ್ರ ಆಯ್ತಲ್ರಿ?”

“ಹಾಕಿ ನೋಡ್ಯಾರ್ರಿ. ಮೈ ಇಳಿಸ್ಲಿಕ್ಕಿ ಅಂತ ಅಂಥಾ ಗುಳಿಗಿ ಬಂದಿತ್ತು. ಅದೇ ಕೀಲಿ ಮಿದುಳಿನಾಗೂ ಅದ. ತಗೊಂಡ ಕೆಲವರು ಮನಸ್ಸು ಕೆಟ್ಟು ಜೀವಾನೇ ಬ್ಯಾಡ ಅನ್ಲತ್ತರು. ಆ ಗುಳಿಗಿ ವಾಪಸ್ ತಗೊಂಡ್ರು.”

“ಹೊರಗಿಂದ ಗಾಂಜಾದ ಚಿಲುಮಿ ಸೇದಿದ್ರ?”

“ಆ ಕೀಲಿಕೈ ಎರಡೂ ಕೀಲಿಗಿ ಹೋಗ್ತದ್ರಿ. ಈ ವೈರಸ್ ಇದ್ದವರು ದಿನಾ ಸೇದಿದ್ರ ಲಿವರ್ ಜಲ್ದಿ ಗಟ್ಟಿ ಆಗ್ತದ ಅಂತ ಕೆಲವರು ಬರದಾರ. ಇನ್ನ ಕೆಲವರು ಭಾಳ ಮಂದಿನ ನೋಡಿ, ಹಂಗೇನೂ ಕಾಣಲಿಲ್ಲ ಅಂದಾರ. ಫೈಸಲಾ ಆಗಿಲ್ಲ. ಆದ್ರೂ ಬಿಡ್ರಿ ಅಂತ ಹೇಳ್ತೇವಿ.”

ನನಗೆ ಬಹಳ ಸಂತೋಷವಾಯಿತು. ಕಾರಣವಿದೆ. ನನ್ನ ಗೆಳೆಯ ಲಾಲ ಅಹ್ಮದನ ಜಿಗರ, ಅಂದರೆ ಇದೇ ಲಿವರ್, ಕೆಟ್ಟು ಮೂರು ವರ್ಷವಾಯಿತು. ಕುಶನೂರದಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮನುಷ್ಯ. ದುಡಿದು ದಣಿದು ಸಂಜೆ ಚಿಲುಮೆ ಹಚ್ಚುತ್ತಿದ್ದ. ಇದು ಗಾಂಜಾದ್ದೇ ಕೆಲಸ ಎಂದು ನಾನು ಆಗಲೇ ಹೇಳಿದ್ದೆ. ಈಗ ಡಿಗ್ರಿ ಇದ್ದವರೂ ಅದನ್ನೇ ಹೇಳುತ್ತಿದ್ದಾರೆ. ಮನೆಗೆ ಬಂದ ಕೂಡಲೇ ಕೀಲಿಗಳ ವಿಷಯ ಬರೆದುಕೊಂಡೆ. ಕೊನೆಗೆ ಹೇಳಿದ ಇನ್ನೊಂದು ಅಭಿಪ್ರಾಯ ಅಷ್ಟು ಮುಖ್ಯವಲ್ಲ.

4 ಜುಲೈ, ಗುರುವಾರ

ಲಾಲ ಅಹ್ಮದ ಫೋನ್ ಮಾಡಿದ್ದ. ಹೊಟ್ಟೆಯಲ್ಲಿ ಮತ್ತೆ ನೀರು ತುಂಬಿದೆಯಂತೆ.

“ಡಾಕ್ಟರ್, ಚಿಲುಮಿ ಬಿಟ್ಟು ಮೂರು ವರ್ಷ ಆತು. ಇನ್ನೂ ಯಾಕ ಕಡಿಮಿ ಆಗವಲ್ದು?”

ಅವನಿಗೆ ಎರಡು ಕೀಲಿಗಳ ವಿಷಯ ಹೇಳಿದೆ. ಚೆನ್ನಾಗಿ ಹೇಳಿದೆ ಎಂದೇ ನನ್ನ ಅಭಿಪ್ರಾಯ. ಹಿಂದೆ ಸೇದಿದ್ದು ಒಳಗೆ ಕೆಲಸ ಮಾಡಿ ಮುಗಿಸಿದೆ, ಅದಕ್ಕೆ ಅಲ್ಲಾನೂ ಏನು ಮಾಡಲಾರ ಎಂದೆ. “ನೀ ಅಂದಂಗೇ ಇರಬೇಕು,” ಎಂದ. ಇಷ್ಟು ವರ್ಷದಲ್ಲಿ ಅವನು ನನ್ನ ಮಾತಿಗೆ ಎದುರಾಡಿದ್ದೇ ಇಲ್ಲ.

ಮಗಳು ಬಂದಿದ್ದಳೇ ಎಂದು ಕೇಳಿದೆ. ಇಲ್ಲವಂತೆ. ಮುಸರ್ರತ ಅವನಿಗೆ ಒಬ್ಬಳೇ ಮಗಳು, ಭಾಲ್ಕಿಗೆ ಕೊಟ್ಟಿದ್ದಾರೆ. ಮೂರು ವರ್ಷದ ಹಿಂದೆ ಅಪ್ಪನ ಹೊಟ್ಟೆ ಉಬ್ಬಿದಾಗ ಅವಳು ಬೀದರಕ್ಕೆ ನನ್ನ ಹತ್ತಿರ ಬಂದಿದ್ದಳು. ಹೈದರಾಬಾದಿಗೆ ಕರೆದುಕೊಂಡು ಹೋಗಲೇ ಕಾಕಾ ಎಂದು ಕೇಳಿದಳು. ಅಷ್ಟು ದೂರ ಹೋಗಿ ರೊಕ್ಕ ಯಾಕೆ ಸುರಿಯುತ್ತಿ, ನಿಮ್ಮಪ್ಪನ ಜಿಗರ ಗಾಂಜಾ ಸುಟ್ಟಿದೆ, ಬಿಟ್ಟರೆ ತಾನೇ ಕಡಿಮೆಯಾಗುತ್ತದೆ ಎಂದೆ. ಅದೇ ಮಾತು ಅವಳ ಅತ್ತೆಯ ಕಿವಿಗೂ ಬಿತ್ತು. ನಶಾಬಾಜನ ಮಗಳು ಎಂದು ಮನೆಯಲ್ಲಿ ದಿನಾ ಚುಚ್ಚು ಮಾತು. ಅವಳು ಸಿಟ್ಟಿಗೆದ್ದು ತವರಿನ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು, ಫೋನನ್ನೂ ಎತ್ತುವುದಿಲ್ಲ. ಇದರಲ್ಲಿ ನನ್ನ ತಪ್ಪೇನಿದೆ? ಕೇಳಿದಳು, ಹೇಳಿದೆ.

7 ಜುಲೈ, ರವಿವಾರ

ತಲೆನೋವು. ವಾಂತಿ ಇಲ್ಲ. ನಿದ್ದೆಯೂ ಇಲ್ಲ.

18 ಜುಲೈ, ಗುರುವಾರ

ಎರಡನೆಯ ತಿಂಗಳ ಗುಳಿಗೆ ತರಲು ಹೋಗಿದ್ದೆ. ನಾನಾಗಿಯೇ ಲಾಲ ಅಹ್ಮದನ ವಿಷಯ ತೆಗೆದೆ. ತೆಗೆಯಬಾರದಿತ್ತು. ನನ್ನ ಪಾಠ ಒಪ್ಪಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಚಪಲ.

“ಅವನದು ನಿಮ್ಮ ಮೊದಲನೇ ಕೀಲಿ ನೋಡ್ರಿ ಮೇಡಂ. ಗಾಂಜಾ ಸೇದಿ ಸೇದಿ ಜಿಗರ ಕಲ್ಲು ಮಾಡ್ಕೊಂಡಾನ.”

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಅವರ ರಕ್ತ ತಪಾಸ್ ಮಾಡ್ಯಾರೇನ್ರಿ? ವೈರಸ್ ಅದನೋ ಇಲ್ಲೋ ಅಂತ?”

“ಇಲ್ರಿ.”

“ಮತ್ತ ಗಾಂಜಾನೇ ಅಂತ ಯಾರು ಹೇಳಿದ್ರು?”

ನಾನು ಗುಳಿಗೆಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ.

“ಕಾಕಾ, ಚಿಲುಮಿ ಬರೇ ಅದರ ಪಾಲಿನ ಕೆಲಸ ಮಾಡ್ತದ. ಒಲಿಯಾಗ ಬೆಂಕಿನೇ ಇಲ್ದಿದ್ರ ಊದಿ ಏನು ಮಾಡ್ತೀರಿ? ಮೊದಲ ವೈರಸ್ ಬಂದಿರಬೇಕು. ಅದು ರಕ್ತದಿಂದ ಬರ್ತದ, ಹೊಗಿಯಿಂದ ಬರಲ್ಲ. ನೀವೂ ಕುಶನೂರದವ್ರು, ಅವರೂ ಕುಶನೂರದವ್ರು. ಆ ಊರಾಗ ಸೂಜಿ ಯಾರು ಮಾಡ್ತಿದ್ರು?”

“ಒಬ್ಬ ಇದ್ದನ್ರಿ.”

“ಈಗ ಎಲ್ಲಿದ್ದಾನ?”

“ಊರು ಬಿಟ್ಟಾನ್ರಿ.”

“ಸಿಕ್ರ ಹೇಳ್ರಿ. ನಾ ಪೊಲೀಸರಿಗಿ ಹೇಳ್ತೇನಿ ಅಂತಲ್ಲ. ಅಂವ ಯಾರ್ಯಾರಿಗಿ ಸೂಜಿ ಮಾಡ್ಯಾನ ಅಂತ ಗೊತ್ತಾದ್ರ ಅವರನ್ನೆಲ್ಲಾ ಕರಸಿ ತಪಾಸ್ ಮಾಡಬಹುದು. ಮೈಯಾಗ ಇದ್ದದ್ದು ಅವರಿಗೇ ಗೊತ್ತಿರಲ್ರಿ. ಜಲ್ದಿ ಸಿಕ್ರ ಪೂರಾ ಕಡಿಮಿ ಆಗ್ತದ. ತಡಾ ಆದ್ರ ಹೊಟ್ಟಿಗಿ ನೀರು ಬರ್ತದ.”

ಹೊಟ್ಟೆಗೆ ನೀರು ಬರುತ್ತದೆ ಎಂದು ಗೊತ್ತಿಲ್ಲದವನಂತೆ ತಲೆಯಾಡಿಸಿ ಬಂದೆ.

20 ಜುಲೈ, ಶನಿವಾರ

ರಕ್ತದಿಂದ ಬರುವ ದಾರಿಗಳು ಎಷ್ಟೋ ಇವೆ. ಕ್ಷೌರದ ಯೂಸುಫ ಒಂದೇ ಬ್ಲೇಡಿನಲ್ಲಿ ಅರ್ಧ ಊರನ್ನು ಕೆರೆಯುತ್ತಿದ್ದ. ಸಂತೆಯಲ್ಲಿ ಹಲ್ಲು ಕೀಳುವವನೊಬ್ಬ ಬರುತ್ತಿದ್ದ. ಜಾತ್ರೆಯಲ್ಲಿ ಹೆಂಗಸರು ಕೈಗೆ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ಅವರನ್ನೆಲ್ಲ ಬಿಟ್ಟು ಸೂಜಿಯವನ ಮೇಲೇ ಇವರಿಗೆ ಯಾಕೆ ಕಣ್ಣು? ಲಾಲ ಅಹ್ಮದ ಮುಸಲ್ಮಾನ, ಹಚ್ಚೆ ಹಾಕಿಸಿಕೊಳ್ಳುವುದಿಲ್ಲ. ಹರೆಯದಿಂದ ಗಡ್ಡ ಬಿಟ್ಟವನು, ಕ್ಷೌರವನ್ನು ಹೆಂಡತಿಯ ಕತ್ತರಿಯಿಂದ ಮುಗಿಸುತ್ತಿದ್ದ. ಹಲ್ಲಂತೂ ಮೂವತ್ತೆರಡೂ ಗಟ್ಟಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿಕೊಂಡಿಲ್ಲ. ಬರೀ ಯೋಚನೆ ಮಾಡುತ್ತಿದ್ದೇನೆ.

28 ಜುಲೈ, ರವಿವಾರ

ಗಂಡನಿಗೆ ಇದ್ದರೆ ಹೆಂಡತಿಯದೂ ನೋಡಬೇಕು ಎಂದು ಕೇಶರಬಾಯಿಯ ರಕ್ತ ತೆಗೆದಿದ್ದರು. ಅವಳಿಗೆ ಏನೂ ಇಲ್ಲ. ಊಟಕ್ಕೆ ಬಡಿಸುತ್ತಾ ಅದನ್ನು ಹೇಳಿದಳು. ನಾನು, ನೋಡು, ನನ್ನ ಜೊತೆ ನಲವತ್ತು ವರ್ಷ ಸಂಸಾರ ಮಾಡಿದವಳಿಗೇ ಬಂದಿಲ್ಲ, ಊರಿಗೆ ನನ್ನಿಂದ ಬರುತ್ತದೆಯೇ ಎಂದೆ. ಯಾರೂ ಕೇಳಿರಲಿಲ್ಲ, ನಾನೇ ಹೇಳಿದೆ.

“ನನಗ್ಹ್ಯಾಂಗ ಬರ್ತದ್ರಿ?” ಎಂದಳು. “ನಾ ಯಾವಾಗರೆ ನಿಮ್ಮ ಸೂಜಿ ತಗೊಂಡೇನೇನು? ಜ್ವರಾ ಬಂದ್ರ ಕಷಾಯ ಕುಡದು ಮಲಗ್ತಿದ್ದೆ.”

“ಯಾಕ ತಗೋಲಿಲ್ಲ?”

“ಸೂಜಿ ಕುದಸಾಕಿ ನಾನೇ ಅಲ್ರಿ? ಮುಂಜಾನಿ ಚಹಾದ ನೀರು ಇಳಿಸಿ ಅದೇ ಒಲಿ ಮ್ಯಾಲ ಕುದಸಿ ಕೊಡ್ತಿದ್ದೆ. ಒಮ್ಮಿ ಕೊಟ್ರ ಸಂಜಿ ತನಕ ಅದೇ. ಇನ್ನೊಮ್ಮಿ ಕುದಸು ಅಂತ ಇಪ್ಪತ್ತಾರು ವರ್ಷದಾಗ ಒಂದಿನರೆ ಹೇಳಿದ್ರೇನ್ರಿ? ನನಗ ಹೇಸಿಕಿ ಬರ್ತಿತ್ತು. ಅದಕ್ಕೇ ತಗೋಲಿಲ್ಲ.”

ಸಾರು ಚೆಲ್ಲದಂತೆ ಬಡಿಸಿ ಒಳಗೆ ಹೋದಳು. ನಾಲ್ಕನೇ ಇಯತ್ತೆ ಓದಿದವಳು. ಅವಳಿಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ ಎಂದು ಬರೆಯಬೇಕೆಂದು ಈಗ ಪೆನ್ನು ಹಿಡಿದಿದ್ದೇನೆ. ಬರೆಯಲಾಗುತ್ತಿಲ್ಲ. ನನಗೆ ತಿಳಿದಿತ್ತು. ಭಾಲ್ಕಿಯ ಡಾಕ್ಟರು ಪ್ರತಿ ರೋಗಿಗೂ ಕುದಿಸುತ್ತಿದ್ದರು, ಅಲ್ಲಿ ಕುದಿಸುವ ಕೆಲಸ ನನ್ನದೇ ಆಗಿತ್ತು. ಕುಶನೂರದಲ್ಲಿ ಸಂತೆಯ ದಿನ ಅರವತ್ತು ಜನ ಬರುತ್ತಿದ್ದರು. ಗುಳಿಗೆ ಸಾಕು ಎಂದರೆ ಊರಿನ ಕುಲಸುಮಬೀಯಂಥವರು, ಸೂಜಿ ಮಾಡದ ಡಾಕ್ಟರ್ ಎಂಥಾ ಡಾಕ್ಟರ್ ಎಂದು ಎದ್ದು ಹೋಗುತ್ತಿದ್ದರು. ಕುದಿಸುತ್ತಾ ಕೂತರೆ ಸಾಲು ಕರಗುತ್ತಿರಲಿಲ್ಲ. ಆಮೇಲೆ ಪ್ಲಾಸ್ಟಿಕ್ ಸಿರಿಂಜು ಬಂತು. ಒಬ್ಬರಿಗೆ ಒಂದೇ ಸಲ ಎಂದು ಅದರ ಮೇಲೆ ಬರೆದಿರುತ್ತಿತ್ತು. ಮೊನೆ ಮೊಂಡಾಗುವವರೆಗೆ ನಾನು ಬಿಡುತ್ತಿರಲಿಲ್ಲ.

ನನಗೆ ಹೇಗೆ ಬಂತು ಎಂಬುದೂ ಗೊತ್ತು. ಬಿ-ಕಾಂಪ್ಲೆಕ್ಸ್ ಸೀಸೆಯ ತಳದಲ್ಲಿ ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ, ಅಂಗಡಿ ಮುಚ್ಚುವ ಮೊದಲು ನನ್ನ ತೊಡೆಗೆ ಚುಚ್ಚಿಕೊಳ್ಳುತ್ತಿದ್ದೆ. ಇಡೀ ಊರಿನ ತೋಳು ದಾಟಿ ಬಂದ ಸೂಜಿಯಲ್ಲಿ. ತಾಕತ್ತು ಬರಲಿ ಎಂದು.

4 ಆಗಸ್ಟ್, ರವಿವಾರ

ಹೇಳಿಬಿಡಬೇಕೆಂದು ಇಂದು ಕುಶನೂರಕ್ಕೆ ಹೋದೆ. ಹೇಳದೆ ಬಂದೆ.

ಬಸ್ಸಿನಿಂದ ಇಳಿದದ್ದೇ ತಡ, ಡಾಕ್ಟರ್ ಸಾಹೇಬರು ಬಂದರು ಎಂದು ಜನ ಸೇರಿದರು. ಕುಲಸುಮಬೀ ಕೋಲು ಊರಿಕೊಂಡು ಬಂದು ಸೆರಗು ಸರಿಸಿ ತೋಳು ಮುಂದೆ ಮಾಡಿದಳು. “ನೀವು ಹ್ವಾದ ಮ್ಯಾಲ ಊರು ಕೆಟ್ಟೋಯ್ತ್ರಿ. ಈಗಿನವರು ಬರೇ ಗುಳಿಗಿ ಕೊಟ್ಟು ಕಳಸ್ತಾರ. ಒಂದು ಸೂಜಿ ಮಾಡ್ರಿ, ಮೊಣಕಾಲು ಭಾಳ ಬ್ಯಾನಿ ಆಗ್ಯಾವ.” ಚೀಲದಲ್ಲಿ ಸೂಜಿ ಇಲ್ಲ ಎಂದೆ. ನಂಬಲಿಲ್ಲ. ಅಂಥ ಗೌರವದ ನಡುವೆ ನಿಂತು, ನಿಮಗೆಲ್ಲ ನಾನು ರೋಗ ಹಂಚಿದ್ದೇನೆ ಎನ್ನುವುದು ಹೇಗೆ? ಚಹಾ ಕೊಟ್ಟರು, ಕುಡಿದೆ.

ಲಾಲ ಅಹ್ಮದ ಮನೆಯ ಮುಂದೆ ಮಂಚದ ಮೇಲಿದ್ದ. ಕೈಕಾಲು ಕಡ್ಡಿಯಾಗಿವೆ, ಹೊಟ್ಟೆ ಮಾತ್ರ ತುಂಬು ಬಸುರಿಯದು. ಕಣ್ಣು ಹಳದಿ. ಹೆಂಡತಿ ಮಹಮೂದಾ ಬೇಗಂ ಕಾಮಣಿಗೆಂದು ಯಾರೋ ಕೊಟ್ಟ ಸೊಪ್ಪನ್ನು ಅರೆಯುತ್ತಿದ್ದಳು. ಲಾಲ ಅಹ್ಮದನ ತೋಳು ನೋಡಿದೆ, ಸಂತೆಯ ದಿನ ತಪ್ಪದೆ ನನ್ನಿಂದ ತಾಕತ್ತಿನ ಸೂಜಿ ತೆಗೆದುಕೊಳ್ಳುತ್ತಿದ್ದ ತೋಳು ಅದು. ಮಂಚದ ತುದಿಗೆ ಕೂತೆ.

“ಬೀದರಕ್ಕ ಬಾ. ಒಬ್ಬ ಡಾಕ್ಟರ್ ಬಾಯಿ ಇದ್ದಾರ,” ಎಂದಷ್ಟೇ ಹೇಳಿದೆ.

“ನಿನಕಿಂತ ಶ್ಯಾಣ್ಯಾರೇನು?” ಎಂದು ನಕ್ಕ.

13 ಆಗಸ್ಟ್, ಮಂಗಳವಾರ

ಹೋದ ವಾರ ಲಾಲ ಅಹ್ಮದನನ್ನು ಕರೆಸಿ ರಕ್ತ ಕೊಡಿಸಿದ್ದೆ. ಇಂದು ಒಂದೇ ಕಿಟಕಿಯಲ್ಲಿ ಎರಡು ರಿಪೋರ್ಟ್ ಸಿಕ್ಕವು. ನನ್ನ ರಕ್ತದಲ್ಲಿ ಈಗ ವೈರಸ್ ಕಾಣುತ್ತಿಲ್ಲ. ಅವನದರಲ್ಲಿ ತುಂಬಿದೆ.

ಡಾಕ್ಟರ್ ನನಗೆ ಅಭಿನಂದನೆ ಹೇಳಿದರು. ಅವನಿಗೆ ಆರು ತಿಂಗಳ ಔಷಧ ಬರೆದರು. ವೈರಸ್ ಹೋದೀತು, ಕೆಟ್ಟ ಲಿವರ್ ಎಷ್ಟು ಸುಧಾರಿಸುತ್ತದೆ ಎಂದು ಹೇಳಲಾಗದು ಎಂದರು. ಅವನು ಶೌಚಕ್ಕೆ ಹೋದಾಗ ನನ್ನ ಕಡೆ ತಿರುಗಿ, “ಮೂರು ವರ್ಷ ಮೊದಲೇ ಯಾಕ ತರಲಿಲ್ರಿ ಕಾಕಾ?” ಎಂದರು.

“ಆ ಸೂಜಿಯವ ಸಿಕ್ಕಾನ್ರಿ ಮೇಡಂ,” ಎಂದೆ.

ಅವರಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಖಾಲಿ ಹಾಳೆ ಕೊಟ್ಟು, ನೆನಪಿದ್ದ ಹೆಸರುಗಳನ್ನೆಲ್ಲ ಬರೆಯಿರಿ, ಕುಶನೂರದಲ್ಲೇ ತಪಾಸಣೆ ಇಡೋಣ ಎಂದರು. ಒಂದು ಹಾಳೆ ಸಾಲದು ಎಂದೆ.

ಹೊರಗೆ ಬೇವಿನ ಗಿಡದ ಕೆಳಗೆ ಕಟ್ಟೆಯ ಮೇಲೆ ಲಾಲ ಅಹ್ಮದನನ್ನು ಕೂರಿಸಿ ಎಲ್ಲ ಹೇಳಿದೆ. ಒಲೆಯ ವಿಷಯ, ಒಂದೇ ಸೂಜಿಯ ವಿಷಯ. ಚಿಲುಮೆ ಸ್ವಲ್ಪ ಕೆಡಿಸಿರಬಹುದು, ಇರಲಿಕ್ಕೂ ಇಲ್ಲ, ರೋಗ ಕೊಟ್ಟದ್ದು ಮಾತ್ರ ನಾನು ಎಂದೆ. ನನಗೆ ಅಳು ಬಂತು. ಅವನು ಅಳಲಿಲ್ಲ. ಬಹಳ ಹೊತ್ತು ಆಟೋಗಳನ್ನು ನೋಡುತ್ತಾ ಕೂತ.

“ಮುಸರ್ರತಗ ಏನ್ ಹೇಳಿದ್ದಿ ನೀ?” ಎಂದ ಕೊನೆಗೆ.

“ಗಾಂಜಾ ಸುಟ್ಟದ ಅಂತ.”

“ಮೂರು ವರ್ಷ ಆತು ನನ್ನ ಮಗಳ ಆವಾಜ್ ಕೇಳಿ. ಮೊಮ್ಮಗ ಹುಟ್ಯಾನ, ಮಾರಿ ನೋಡಿಲ್ಲ. ಇಲ್ಲಿ ನನ್ನ ಮುಂದ ಯಾಕ ಅಳ್ತಿ? ಭಾಲ್ಕಿಗಿ ಹೋಗು. ಆಕಿ ಮುಂದ ಹೇಳು. ಆಕಿ ಅತ್ತಿನೂ ಕೂಡಸ್ಕೊಂಡು ಹೇಳು. ಮಾಫಿ ಗೀಫಿ ಆಮ್ಯಾಲ ನೋಡಮು.”

ಬಸ್ ಹತ್ತಿಸುವಾಗ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡು ತಾನೇ ಹತ್ತಿದ.

18 ಆಗಸ್ಟ್, ರವಿವಾರ

ಭಾಲ್ಕಿಗೆ ಹೋಗಿ ಬಂದೆ.

ಮುಸರ್ರತ ಬಾಗಿಲು ತೆರೆದು, ಅಪ್ಪನ ಹೆಸರು ಎತ್ತಲು ಬಂದಿದ್ದರೆ ಚಹಾ ಕುಡಿದು ಹೋಗಿ ಎಂದಳು. ಅವಳ ಅತ್ತೆಯನ್ನೂ ಕರೆಯಲು ಹೇಳಿದೆ. ಇಬ್ಬರೂ ಕೂತರು. ಅತ್ತೆ ತಸ್ಬೀಹ್ ಮಣಿ ಎಣಿಸುತ್ತಿದ್ದರು, ನಾನು ಮಾತು ಶುರು ಮಾಡಿದ ಮೇಲೆ ಎಣಿಸುವುದನ್ನು ನಿಲ್ಲಿಸಿದರು. ನಿಮ್ಮಪ್ಪ ನಶೆ ಮಾಡಿ ಜಿಗರ ಕೆಡಿಸಿಕೊಂಡಿಲ್ಲ, ಅವನಿಗಿರುವುದು ರಕ್ತದಿಂದ ಬರುವ ರೋಗ, ಅದನ್ನು ಕೊಟ್ಟದ್ದು ಮುಂಜಾನೆ ಒಮ್ಮೆ ಕುದಿಸಿ ಸಂಜೆಯವರೆಗೆ ಎಲ್ಲರಿಗೂ ಚುಚ್ಚಿದ ನನ್ನ ಸೂಜಿ, ಅದನ್ನು ಮುಚ್ಚಿದ್ದು ನನ್ನ ಬಾಯಿ ಎಂದೆ. ಯಾವ ಮಾತನ್ನೂ ಮೆತ್ತಗೆ ಮಾಡಲಿಲ್ಲ. ರಿಪೋರ್ಟ್ ತೋರಿಸಿದೆ. ಅವಳು ಎರಡು ಸಲ ಓದಿದಳು.

“ಹೈದರಾಬಾದಿಗಿ ಒಯ್ತೇನಿ ಅಂದಿದ್ದೆ ಕಾಕಾ,” ಎಂದಳು. “ನೀವು ಬ್ಯಾಡ ಅಂದ್ರಿ.”

“ಹೌದು.”

“ಒಯ್ದಿದ್ರ ಉಳಿತಿದ್ರು.”

“ಇನ್ನೂ ಇದ್ದಾನವ್ವ,” ಎಂದೆ. ಸಮಾಧಾನ ಹೇಳುವ ಯೋಗ್ಯತೆ ನನಗಿಲ್ಲವೆಂದು ಹೇಳಿದ ಮೇಲೆ ಹೊಳೆಯಿತು.

ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ನಿಧಾನವಾಗಿ ಕೇಳಿದಳು.

“ಸೂಜಿ ಮುಂಜಾನಿ ಒಮ್ಮೆ ಕುದಸ್ತಿದ್ರಿ. ಅಂದ್ರ ಮುಂಜಾನಿ ಬಂದವರಿಗಿ ಅಷ್ಟು ಅಂಜಿಕಿ ಇಲ್ಲ. ಹೌದಲ್ರಿ?”

“ಹೌದು.”

“ನಾ ಸಣ್ಣಕಿ ಇದ್ದಾಗ ಜ್ವರಾ ಭಾಳ ಬರ್ತಿದ್ವು. ಅಬ್ಬಾನೇ ಎತ್ಕೊಂಡು ಬರ್ತಿದ್ರು. ನಾ ಯಾವಾಗ ಬರ್ತಿದ್ದೆ ಕಾಕಾ?”

ನನಗೆ ಚೆನ್ನಾಗಿ ನೆನಪಿತ್ತು. ಶಾಲೆಯ ಪಾಟಿ ಚೀಲ ಹೆಗಲಲ್ಲೇ ಇರುತ್ತಿತ್ತು. ಅಳದೆ ತೋಳು ಕೊಡುತ್ತಿದ್ದಳು, ಅದಕ್ಕೆ ಪೆಪ್ಪರಮಿಂಟು ಕೊಡುತ್ತಿದ್ದೆ.

“ಸಾಲಿ ಬಿಟ್ಟ ಮ್ಯಾಲ,” ಎಂದೆ.

ಅವಳು ಮಗುವನ್ನು ಎತ್ತಿ ಅತ್ತೆಯ ಮಡಿಲಿಗೆ ಕೊಟ್ಟು ಒಳಗೆ ಹೋದಳು. ನಾನು ಎದ್ದು ಬಂದೆ. ಬಸ್‌ಸ್ಟ್ಯಾಂಡಿನವರೆಗೆ ಹೇಗೆ ನಡೆದೆ ಎಂಬುದು ನೆನಪಿಲ್ಲ.

20 ಆಗಸ್ಟ್, ಮಂಗಳವಾರ

ಮುಸರ್ರತ ಒಬ್ಬಳೇ ಬಂದು ರಕ್ತ ಕೊಟ್ಟು ಹೋಗಿದ್ದಾಳೆ. ನನಗೆ ಫೋನ್ ಮಾಡಿಲ್ಲ. ಡಾಕ್ಟರ್ ಹೇಳಿದರು.

ನನ್ನ ಪಟ್ಟಿಯಲ್ಲಿ ಇನ್ನೂರ ಹನ್ನೊಂದು ಹೆಸರಾಗಿವೆ. ಕೇಶರಬಾಯಿಗೆ ನನಗಿಂತ ಹೆಚ್ಚು ನೆನಪಿದೆ. ಅಡುಗೆ ಮಾಡುತ್ತಾ ಹೇಳುತ್ತಾಳೆ, ನಾನು ಬರೆಯುತ್ತೇನೆ. ಸತ್ತವರ ಹೆಸರು ಬಂದಾಗ ಅವರು ಯಾವುದರಿಂದ ಸತ್ತರು ಎಂದು ಇಬ್ಬರೂ ಕೇಳುವುದಿಲ್ಲ.

26 ಆಗಸ್ಟ್, ಸೋಮವಾರ

ಕುಶನೂರದ ಶಾಲೆಯಲ್ಲಿ ತಪಾಸಣೆ. ಮೊದಲ ಒಂದು ತಾಸು ಒಬ್ಬರೂ ಬರಲಿಲ್ಲ. ಜಿಗರದ ತಪಾಸಣೆ ಎಂದರೆ ಕುಡುಕರ ತಪಾಸಣೆ ಎಂದು ಊರು ತಿಳಿದಿತ್ತು. ಹಾಗೆ ತಿಳಿಯಲು ಕಲಿಸಿದವನು ಯಾರು ಎಂದು ಬರೆಯಬೇಕಾಗಿಲ್ಲ. ಡಾಕ್ಟರ್ ಅಂಬರೀನ ಖಾಲಿ ಕುರ್ಚಿಗಳನ್ನು ನೋಡುತ್ತಿದ್ದರು. ನಾನು ಮೈಕ್ ತೆಗೆದುಕೊಂಡು ನನ್ನ ಹೆಸರು ಹೇಳಿ, ನಾನು ಮಾಡಿದ್ದನ್ನು ಹೇಳಿದೆ. ಎರಡು ಸಲ ಹೇಳಿದೆ, ಒಮ್ಮೆ ಕನ್ನಡದಲ್ಲಿ, ಒಮ್ಮೆ ನನಗೆ ಬರುವ ಹಿಂದಿಯಲ್ಲಿ.

ಜನ ಬಂದರು. ಮೊದಲು ನನ್ನನ್ನು ನೋಡಲು, ಆಮೇಲೆ ರಕ್ತ ಕೊಡಲು. ಒಬ್ಬ ನನ್ನ ಅಂಗಿ ಹಿಡಿದ. ಬಿಡಿಸಲು ಹೋದವರನ್ನು ಬೇಡ ಎಂದೆ. ಗುಂಡಿ ಎರಡು ಕಿತ್ತಿವೆ. ಕುಲಸುಮಬೀ ಸಾಲಿನಲ್ಲಿ ನಿಂತಿದ್ದಳು, ನನ್ನ ಕಡೆ ನೋಡಲಿಲ್ಲ.

29 ಆಗಸ್ಟ್, ಗುರುವಾರ

ಮುಸರ್ರತಳ ರಿಪೋರ್ಟ್ ಬರುವ ದಿನವೆಂದು ಬೆಳಿಗ್ಗೆಯೇ ದವಾಖಾನೆಗೆ ಹೋಗಿ ಬಾಗಿಲ ಹತ್ತಿರ ನಿಂತಿದ್ದೆ. ಮುಸರ್ರತ ಮಗುವನ್ನು ಎತ್ತಿಕೊಂಡು ಬಂದಳು. ನನ್ನನ್ನು ಕಂಡರೂ ಕಾಣದಂತೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ನನ್ನ ಎದುರಿಗೇ ಬೆಂಚಿನ ಮೇಲೆ ಕೂತಳು. ಕೈಯಲ್ಲಿ ರಿಪೋರ್ಟಿತ್ತು.

ಹಿಂದೆಯೇ ಡಾಕ್ಟರ್ ಬಂದು ಅವಳ ಪಕ್ಕ ಕೂತು ಹೇಳಿದರು. ವೈರಸ್ ಇದೆ. ಲಿವರ್ ಇನ್ನೂ ಚೆನ್ನಾಗಿದೆ, ಕಲೆ ಬಹಳ ಕಡಿಮೆ. ಮಗುವಿಗೆ ಹಾಲುಣಿಸುವುದು ಮುಗಿದ ಮೇಲೆ ಹನ್ನೆರಡು ವಾರದ ಗುಳಿಗೆ, ಅಲ್ಲಿಯವರೆಗೆ ಅವಸರವಿಲ್ಲ. ಮಗುವಿನ ರಕ್ತವನ್ನೂ ನೋಡಬೇಕು, ಸಾಮಾನ್ಯವಾಗಿ ಬರುವುದಿಲ್ಲ. ಮುಸರ್ರತ ಎಲ್ಲದಕ್ಕೂ ತಲೆಯಾಡಿಸಿದಳು. ಡಾಕ್ಟರ್ ಎದ್ದು ಹೋದರು.

ನಾನು ಅವಳ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟೆ. ಏನಾದರೂ ಬೈಯಲಿ ಎಂದು ಕಾದೆ. ಅವಳು ಮಗುವನ್ನು ನನ್ನ ಕೈಗೆ ಕೊಟ್ಟಳು. ಕ್ಷಮಿಸಿ ಕೊಟ್ಟದ್ದಲ್ಲ, ಅವಳಿಗೆ ಎರಡು ಕೈಯೂ ಬೇಕಾಗಿದ್ದವು. ಚೀಲದಿಂದ ಫೋನ್ ತೆಗೆದು, ಹೆಸರು ಹುಡುಕಿ, ಬಹಳ ಹೊತ್ತು ಅದನ್ನೇ ನೋಡಿ, ಒತ್ತಿದಳು. ಆ ಕಡೆ ಎತ್ತಿದ್ದು ಯಾರೆಂದು ಅವಳ ಮುಖದಲ್ಲೇ ಗೊತ್ತಾಯಿತು. ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದಳು.

“ಅಬ್ಬಾ, ನಾನು. ನಾ ಎಂದೂ ಚಿಲುಮಿ ಮುಟ್ಟಿಲ್ಲ ಅಬ್ಬಾ. ನನಗೂ ಅದೇ ಅದ.”